ಹಲ್ಲಿಲ್ಲದ ಬ್ಲೇಡು, ಗೆರೆ ಎಳೆಯುವ ಚಕ್ರ

ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯ ಮುಂದೆ ಐದು ನಿಮಿಷ ನಿಂತವರೆಲ್ಲ ನೋಡಿರುವ ಕೆಲಸ ಇದು. ಹಳೆ ಕಂಬಳಿ ಹಾಸಿದ ಮೇಜಿನ ಮೇಲೆ ಎರಡು ಮಿಲಿಮೀಟರ್ ದಪ್ಪದ ಗಾಜು, ಅದರ ಮೇಲೊಂದು ಮರದ ಪಟ್ಟಿ, ಕೈಯಲ್ಲಿ ಪೆನ್ನಿನಷ್ಟುದ್ದದ ಕಟರ್. ಕಟರಿನ ಮೂತಿಯನ್ನು ಸೀಮೆ ಎಣ್ಣೆಯಲ್ಲಿ ಅದ್ದಿ, ಪಟ್ಟಿಗೆ ಒತ್ತಿ ಒಮ್ಮೆ ಎಳೆದರೆ ಸರ್ರೆಂದು ಸಣ್ಣ ಸದ್ದು. ಗಾಜನ್ನು ಮೇಜಿನ ಅಂಚಿಗೆ ತಂದು ಅಮುಕಿದರೆ ಟಕ್ಕೆಂದು ಎರಡು ಹೋಳು. ಅರ್ಧ ನಿಮಿಷದ ಕೆಲಸ. ಇಷ್ಟೇ ತಾನೇ ಎಂದುಕೊಂಡು ಆನ್‌ಲೈನಿನಲ್ಲಿ ಒಂದು ಕಟರ್ ತರಿಸಿ, ಷೋಕೇಸಿನ ಗಾಜನ್ನು ತಾವೇ ಕೊಯ್ಯಲು ಕೂತು, ಮೂರು ಚೂರು ಮಾಡಿ, ಕೊನೆಗೆ ಅದೇ ಅಂಗಡಿಯ ಮೆಟ್ಟಿಲು ಹತ್ತುವವರೂ ಉಂಟು. ಇಂಥಲ್ಲಿ ಕೈಗಿಂತ ಹೆಚ್ಚಾಗಿ ಎಡವುವುದು, ಕಟರ್ ಏನು ಮಾಡುತ್ತದೆ ಎಂಬ ಕಲ್ಪನೆ.

ಕಟರ್ ಗಾಜನ್ನು ಕೊಯ್ಯುವುದಿಲ್ಲ. ಮರಕ್ಕೆ ಗರಗಸ ಹಾಕಿದರೆ ಹೊಟ್ಟು ಉದುರುತ್ತದೆ, ಅಷ್ಟು ಮರ ಕಡಿಮೆಯಾಗುತ್ತದೆ. ಗಾಜಿನ ಮೇಲೆ ಚಕ್ರ ಉರುಳಿದಾಗ ಆಗುವುದು ಬೇರೆ: ಮೇಲ್ಮೈಯಲ್ಲಿ ಒಂದು ಸಣ್ಣ ಗೆರೆ, ಅದರ ಕೆಳಗೆ ನೆಟ್ಟಗೆ ಇಳಿದ, ಬರಿಗಣ್ಣಿಗೆ ಸುಲಭವಾಗಿ ಕಾಣದ ಬಿರುಕು. ಆಮೇಲೆ ಗಾಜನ್ನು ತುಸು ಬಾಗಿಸಿದರೆ ಬಿರುಕಿನ ಬಾಯಿ ತೆರೆದುಕೊಂಡು ತಳದವರೆಗೂ ಓಡುತ್ತದೆ. ಗಾಜಿನ ಪರಮಾಣುಗಳ ನಡುವಿನ ಬಂಧ ನಿಜಕ್ಕೂ ಬಹಳ ಗಟ್ಟಿ. ಲೆಕ್ಕದ ಪ್ರಕಾರ ಅದು ತಡೆದುಕೊಳ್ಳಬೇಕಾದ ಎಳೆತಕ್ಕೂ ವಾಸ್ತವದಲ್ಲಿ ತಡೆದುಕೊಳ್ಳುವ ಎಳೆತಕ್ಕೂ ಹತ್ತಾರು ಪಟ್ಟು ಅಂತರ ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಎಂಜಿನಿಯರ್ ಎ.ಎ. ಗ್ರಿಫಿತ್. 1921ರಲ್ಲಿ ಪ್ರಕಟವಾದ ಅವರ ಪ್ರಬಂಧದ ಸಾರ ಇದು: ಗಾಜಿನ ಮೈಮೇಲೆ ಮೊದಲೇ ಇರುವ ಸೂಕ್ಷ್ಮ ಬಿರುಕುಗಳ ತುದಿಯಲ್ಲಿ ಒತ್ತಡವೆಲ್ಲ ಬಂದು ಜಮಾಯಿಸುತ್ತದೆ, ಗಾಜು ಸೋಲುವುದು ಅಲ್ಲಿ. ವಿಮಾನದ ಲೋಹದ ಚಿಂತೆಯಲ್ಲಿದ್ದ ಗ್ರಿಫಿತ್ ಪರೀಕ್ಷೆಗೆ ಆರಿಸಿಕೊಂಡದ್ದು ಗಾಜನ್ನು. ಕಟ್ಟು ಹಾಕುವ ಅಂಗಡಿಯವನು ಬಳಸಿಕೊಳ್ಳುವುದೂ ಬಿರುಕಿನ ಈ ಗುಣವನ್ನೇ. ಎಲ್ಲೆಂದರಲ್ಲಿ ಒಡೆಯಬಹುದಾದ ಗಾಜಿಗೆ ಒಡೆಯುವ ಜಾಗವನ್ನು ಗೊತ್ತುಮಾಡಿ ಕೊಡುತ್ತಾನೆ.

ಈ ಉಪಾಯ ಕೈಗೆ ಬರಲು ಶತಮಾನಗಳು ಹಿಡಿದವು. ಹನ್ನೆರಡನೇ ಶತಮಾನದ ಆರಂಭದಲ್ಲಿ ಥಿಯೋಫಿಲಸ್ ಎಂಬ ಹೆಸರಿನಲ್ಲಿ ಬರೆದ ಕ್ರೈಸ್ತ ಸನ್ಯಾಸಿಯೊಬ್ಬರು ಚರ್ಚಿನ ಬಣ್ಣದ ಗಾಜುಗಳನ್ನು ಕತ್ತರಿಸುವ ರೀತಿಯನ್ನು ವಿವರಿಸಿದ್ದಾರೆ. ಕಾಯಿಸಿದ ಕಬ್ಬಿಣವನ್ನು ಗಾಜಿಗೆ ತಾಗಿಸಿ ಬಿರುಕು ಎಬ್ಬಿಸುವುದು, ಬೇಕಾದ ದಿಕ್ಕಿಗೆ ಅದನ್ನು ನಡೆಸುವುದು, ಕೊನೆಗೆ ಕಚ್ಚು ಇರುವ ಕಬ್ಬಿಣದ ಪಟ್ಟಿಯಿಂದ ಅಂಚನ್ನು ಚೂರುಚೂರೇ ಕಡಿಯುವುದು. ಆಮೇಲೆ ವಜ್ರ ಬಂತು. ವಜ್ರದ ವಿಷಯದಲ್ಲೊಂದು ಒಗಟಿತ್ತು: ಗಾಜಿನ ಕೆಲಸದವರ ಹರಳು ಗಾಜನ್ನು ಚೆಂದವಾಗಿ ಸೀಳುತ್ತಿತ್ತು, ಅಷ್ಟೇ ಗಡಸಾದ ಬೇರೆ ಚೂಪು ವಜ್ರ ಬರೀ ಗೀಚುತ್ತಿತ್ತು. ಬ್ರಿಟಿಷ್ ವಿಜ್ಞಾನಿ ವಿಲಿಯಂ ಹೈಡ್ ವೊಲ್ಲಾಸ್ಟನ್ 1816ರಲ್ಲಿ ಇದಕ್ಕೆ ಕಾರಣ ಬರೆದರು. ಸೀಳುವ ವಜ್ರದ ಅಂಚು ಸಹಜವಾಗಿಯೇ ಬಾಗಿರುತ್ತದೆ. ಅದು ಗಾಜನ್ನು ಕೆರೆಯದೆ ಒತ್ತಿ ಬಿಡಿಸುತ್ತದೆ. ಬಿರುಕು ಒಂದು ಇಂಚಿನ ಇನ್ನೂರರಲ್ಲೊಂದು ಪಾಲು ಇಳಿದರೂ ಸಾಕೆಂದು ಅವರು ಕಂಡುಕೊಂಡರು. ಮಾಣಿಕ್ಯಕ್ಕೆ ಅದೇ ಬಾಗಿದ ಅಂಚು ಕೊಟ್ಟು ನೋಡಿದರೆ ಅದೂ ಸ್ವಲ್ಪ ಹೊತ್ತು ಗಾಜನ್ನು ಸೀಳಿತು. ಅಂದರೆ ಗಡಸುತನ ಬೇಕು ನಿಜ, ಆದರೆ ಕೆಲಸ ಮಾಡುವುದು ಆಕಾರ.

1869ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಯಾಮ್ಯುಯೆಲ್ ಮಾನ್ಸ್ ಉಕ್ಕಿನ ಪುಟ್ಟ ಚಕ್ರದ ಕಟರಿಗೆ ಪೇಟೆಂಟ್ ಪಡೆದ ಮೇಲೆ ಈ ಕಸುಬು ಅಗ್ಗವಾಯಿತು. ಇಂದಿಗೂ ಹಾರ್ಡ್‌ವೇರ್ ಅಂಗಡಿಯ ಕಟರ್ ಬಹುಮಟ್ಟಿಗೆ ಅದರ ಸಂತಾನವೇ.

ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಬಗೆ ಸಿಗುತ್ತದೆ. ಒಂದೇ ತಲೆಯಲ್ಲಿ ಆರು ಉಕ್ಕಿನ ಚಕ್ರಗಳಿರುವುದು; ಒಂದು ಮೊಂಡಾದರೆ ತಿರುಪು ಸಡಿಲಿಸಿ ಮುಂದಿನದಕ್ಕೆ ತಿರುಗಿಸಬೇಕು. ವಜ್ರದ ಮೊನೆಯದ್ದು, ಹಳಬರ ಕೈಯಲ್ಲಿ ಇನ್ನೂ ಇದೆ, ಹೊಸಬರಿಗೆ ಅಲ್ಲ, ಏಕೆಂದರೆ ಹಿಡಿಯುವ ಕೋನ ತುಸು ತಪ್ಪಿದರೂ ಅದು ಗೀಚತೊಡಗುತ್ತದೆ. ಮೂರನೆಯದು ಟಂಗ್‌ಸ್ಟನ್ ಕಾರ್ಬೈಡ್ ಚಕ್ರದ್ದು. ಇದರ ಹಿಡಿಯೊಳಗೆ ಎಣ್ಣೆ ತುಂಬಿಸುವ ಕೊಳವೆಯೂ ಇರಬಹುದು. ಜಪಾನಿನ ಟೊಯೊ ಕಟರುಗಳು ಹೆಸರಾಗಿರುವುದು ಇದಕ್ಕೇ. ಉಕ್ಕಿಗಿಂತ ಕಾರ್ಬೈಡ್ ಎಷ್ಟೋ ಪಟ್ಟು ಹೆಚ್ಚು ಬಾಳುತ್ತದೆ. ಮನೆಗೊಂದು ಬೇಕೆನ್ನುವವರಿಗೆ ನಿಸ್ಸಂಶಯವಾಗಿ ಮೂರನೆಯದು. ಆರು ಚಕ್ರದ್ದು ಕೊಂಡರೆ ಆರು ಪಟ್ಟು ಲಾಭವೆಂಬ ಲೆಕ್ಕ ಅಂಗಡಿಯಲ್ಲಿ ಮಾತ್ರ ಸರಿಹೋಗುತ್ತದೆ.

ಕೊಳ್ಳುವಾಗ ಯಾರೂ ಕೇಳದ, ಆದರೆ ಕೇಳಲೇಬೇಕಾದ ಸಂಗತಿ ಚಕ್ರದ ಅಂಚಿನ ಕೋನ. ಗಾಜು ತೆಳುವಾದಷ್ಟೂ ಕೋನ ಚೂಪಾಗಿರಬೇಕು, ದಪ್ಪವಾದಷ್ಟೂ ಅಗಲವಾಗಬೇಕು. ಫೋಟೋ ಕಟ್ಟಿನ 2 ಮಿ.ಮೀ. ಗಾಜಿಗೆ ಸುಮಾರು 120 ಡಿಗ್ರಿ, ಕಿಟಕಿಯ 3ರಿಂದ 6 ಮಿ.ಮೀ. ಗಾಜಿಗೆ 135ರ ಆಸುಪಾಸು, ಮೇಜಿನ ಮೇಲೆ ಹಾಸುವ 8–10 ಮಿ.ಮೀ. ಗಾಜಿಗೆ 145, ಅದಕ್ಕೂ ದಪ್ಪಗಾದರೆ 155 ಡಿಗ್ರಿ ಸಮೀಪ. ದಪ್ಪ ಗಾಜಿಗೆ ಬಿರುಕು ಆಳಕ್ಕಿಳಿಯಬೇಕು, ಅದಕ್ಕೆ ಹೆಚ್ಚು ಒತ್ತಬೇಕು. ಚೂಪು ಚಕ್ರವನ್ನು ಅಷ್ಟು ಒತ್ತಿದರೆ ಅದು ಬಿರುಕು ಬಿಡಿಸುವ ಬದಲು ಮೇಲ್ಮೈಯನ್ನೇ ಪುಡಿ ಮಾಡುತ್ತದೆ. ಕಂಪನಿಗಳು ಒಂದೇ ಹಿಡಿಗೆ ಬೇರೆ ಬೇರೆ ಕೋನದ ತಲೆಗಳನ್ನು ಮಾರುವುದು ಇದೇ ಕಾರಣಕ್ಕೆ. ಪೊಟ್ಟಣದ ಮೇಲೆ ಎಷ್ಟರಿಂದ ಎಷ್ಟು ಮಿಲಿಮೀಟರಿಗೆ ಎಂದು ಬರೆದಿರುತ್ತದೆ. ಅದನ್ನು ಓದಿದರೆ ಸಾಕು, ಡಿಗ್ರಿ ನೆನಪಿಟ್ಟುಕೊಳ್ಳಬೇಕಿಲ್ಲ.

ಇನ್ನು ಎಳೆಯುವ ಕ್ರಮ. ಗಾಜನ್ನು ಮೊದಲು ಒರೆಸಬೇಕು, ಒಂದು ಮರಳಿನ ಕಣ ಸಿಕ್ಕಿದರೂ ಚಕ್ರ ಅಲ್ಲಿ ನೆಗೆಯುತ್ತದೆ. ಕನ್ನಡಿಯಾದರೆ ಗೆರೆ ಗಾಜಿನ ಬದಿಗೆ, ಹಿಂದಿನ ಬಣ್ಣದ ಬದಿಗಲ್ಲ. ಹೂಬಳ್ಳಿಯ ಉಬ್ಬು ಚಿತ್ತಾರವಿರುವ ಬಾತ್‌ರೂಮಿನ ಗಾಜಿಗೆ ನುಣುಪು ಬದಿಯಲ್ಲಿ. ಸಾದಾ ಗಾಜಿಗೆ ಎರಡು ಬದಿಯೂ ಒಂದೇ ಎಂದು ತೋರಿದರೂ ಹಾಗಿಲ್ಲ. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ ವಿಧಾನದಂತೆ ಇಂದಿನ ಕಿಟಕಿ ಗಾಜು ಬಹುಪಾಲು ಕರಗಿದ ತವರದ ಮೇಲೆ ತೇಲಿಸಿ ಮಾಡಿದ್ದು. ಒಂದು ಬದಿಗೆ ತವರದ ಅಂಶ ಅಂಟಿರುತ್ತದೆ. ನೇರಳಾತೀತ ದೀಪ ಹಿಡಿದರೆ ಆ ಬದಿ ಹಾಲುಬಿಳುಪಾಗಿ ಹೊಳೆಯುತ್ತದೆ. ನಾಜೂಕಿನ ಕೆಲಸದವರು ತವರವಿಲ್ಲದ ಬದಿಯಲ್ಲೇ ಗೆರೆ ಎಳೆಯುತ್ತಾರೆ. ಪಟ ಕಟ್ಟುವ ಕೆಲಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಚಕ್ರ ಗಾಜಿಗೆ ನೆಟ್ಟಗೆ ನಿಂತಿರಬೇಕು, ಎಡಕ್ಕೋ ಬಲಕ್ಕೋ ವಾಲಿದರೆ ಬಿರುಕೂ ವಾಲುತ್ತದೆ. ಒಂದೇ ಒತ್ತಡ, ಒಂದೇ ವೇಗ, ಒಂದೇ ಸಲ. ಸರಿಯಾದ ಒತ್ತಡಕ್ಕೆ ಸಾಕ್ಷಿ ಕಿವಿ: ಬಟ್ಟೆ ಹರಿದಂಥ ಸಣ್ಣನೆಯ ಸದ್ದು ಎಡೆಬಿಡದೆ ಬರುತ್ತಿರಬೇಕು. ಕರಕರ ಎಂದರೆ ಒತ್ತಡ ಹೆಚ್ಚಾಯಿತು. ಗೆರೆ ಬೆಳ್ಳಗಾಗಿ ಅಂಚಿನಿಂದ ಚಕ್ಕೆ ಸಿಡಿಯುತ್ತದೆ. ಹೊಸಬರಿಗೆ ಬಿಳಿ ದಪ್ಪ ಗೆರೆ ನೋಡಿದರೆ ತೃಪ್ತಿ, ಕಸುಬುದಾರರಿಗೆ ಅದು ಹಾಳಾದ ಗಾಜು. ಸರಿಯಾಗಿ ಬೀಳಲಿಲ್ಲವೆಂದು ಅದೇ ಗೆರೆಯ ಮೇಲೆ ಇನ್ನೊಮ್ಮೆ ಎಳೆಯುವುದಂತೂ ಎರಡು ಪಟ್ಟು ನಷ್ಟ. ಮೊದಲ ಗೆರೆಯ ಒರಟು ಅಂಚುಗಳ ಮೇಲೆ ಉರುಳಿ ಚಕ್ರಕ್ಕೆ ಕಚ್ಚು ಬೀಳುತ್ತದೆ, ಒಂದರ ಬದಲು ಹಲವು ಬಿರುಕು ಹುಟ್ಟಿ ಗಾಜು ತನಗಿಷ್ಟ ಬಂದತ್ತ ಹೋಗುತ್ತದೆ. ತಪ್ಪಿದ್ದರೆ ಗಾಜನ್ನು ತಿರುವಿ ಹಾಕಿ ಇನ್ನೊಂದು ಬದಿಯಲ್ಲಿ ಎಳೆಯುವುದು, ಇಲ್ಲವೇ ಅರ್ಧ ಇಂಚು ಬಿಟ್ಟು ಹೊಸ ಗೆರೆ.

ಗೆರೆ ಎಳೆದು ಫೋನಿಗೆ ಉತ್ತರಿಸಲು ಹೋಗಬಾರದು. ಚಕ್ರ ಹಾದಾಗ ಉಳಿದ ಒತ್ತಡವೇ ಬಿರುಕಿಗೆ ಬಲ. ಬಿಟ್ಟಷ್ಟೂ ಅದು ಅಕ್ಕಪಕ್ಕದ ಸಣ್ಣ ಬಿರುಕುಗಳಾಗಿ ಚೆದುರುತ್ತದೆ. ಎಳೆದ ಕೂಡಲೇ ಮುರಿಯಬೇಕು. ಕಿರಿದಾದ ಪಟ್ಟಿ ಮುರಿಯಲು ಕಟರಿನ ಹಿಡಿಯಲ್ಲಿರುವ ಕಚ್ಚುಗಳನ್ನೋ ಗಾಜಿನ ಇಕ್ಕಳವನ್ನೋ ಬಳಸುತ್ತಾರೆ. ಕೆಲವು ಕಟರುಗಳ ಹಿಂಬದಿಯ ಗುಂಡು ಇರುವುದು ದಪ್ಪ ಗಾಜಿಗೆ ಅಡಿಯಿಂದ ಮೆಲ್ಲಗೆ ತಟ್ಟಿ ಬಿರುಕನ್ನು ಮುಂದಕ್ಕೆ ಓಡಿಸಲು.

ಇಷ್ಟೆಲ್ಲ ಕಲಿತವರನ್ನೂ ಸೋಲಿಸುವ ಗಾಜು ಒಂದಿದೆ: ಟಫನ್ಡ್. ಅಂಗಡಿಯ ಬಾಗಿಲು, ಸ್ನಾನದ ಮನೆಯ ಪಾರ್ಟಿಷನ್, ಕಾರಿನ ಪಕ್ಕದ ಕಿಟಕಿ ಎಲ್ಲ ಇದರವೇ. ಗಾಜನ್ನು 620 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ರಭಸದ ಗಾಳಿಯಿಂದ ಥಟ್ಟನೆ ತಣಿಸಿದಾಗ ಹೊರಪದರ ಅಮುಕಿಕೊಂಡು, ಒಳಭಾಗ ಎಳೆದುಕೊಂಡು ನಿಲ್ಲುತ್ತದೆ. ಒಂದೊಂದು ಬದಿಯಲ್ಲೂ ದಪ್ಪದ ಸುಮಾರು ಐದನೇ ಒಂದು ಪಾಲು ಈ ಅಮುಕಿದ ಪದರ. ಕಟರಿನ ಬಿರುಕು ಅದರೊಳಗೆ ಬಾಯಿ ತೆರೆಯಲಾರದು. ಪದರ ದಾಟಿ ಒಳಗೆ ಹೋಯಿತೋ, ಇಡೀ ಹಾಳೆ ಜೋಳದ ಕಾಳಿನಷ್ಟು ಚೂರುಗಳಾಗಿ ಕುಸಿಯುತ್ತದೆ. ಯಾವ ಬ್ಲೇಡಿನಿಂದಲೂ ಇದಕ್ಕೆ ಮದ್ದಿಲ್ಲ. ಅಳತೆಗೆ ಕತ್ತರಿಸಿ, ತೂತು ಕೊರೆದು, ಅಂಚು ತಿಕ್ಕಿದ ಮೇಲೆಯೇ ಕುಲುಮೆಗೆ ಹಾಕಬೇಕು. ಆದ್ದರಿಂದ ಬಾಗಿಲಿನ ಅಳತೆ ಐದು ಮಿಲಿಮೀಟರ್ ತಪ್ಪಿತೆಂದು ಮಿಸ್ತ್ರಿಗೆ ಸ್ವಲ್ಪ ಕೊಯ್ದುಕೊಡಪ್ಪಾ ಎಂದರೆ ಅವನು ನಗುವುದರಲ್ಲಿ ತಪ್ಪಿಲ್ಲ.

ಹಳೆ ಗಾಜು ಯಾವ ಜಾತಿಯದ್ದೆಂದು ಗುರುತಿಸುವ ದಾರಿ ಎರಡು. ಮೂಲೆಯಲ್ಲಿ ಐಎಸ್ 2553 ಎಂಬ ಸುರಕ್ಷತಾ ಗಾಜಿನ ಭಾರತೀಯ ಮಾನಕದ ಗುರುತು ಇದೆಯೇ ನೋಡುವುದು ಒಂದು. ಪೋಲರಾಯ್ಡ್ ತಂಪು ಕನ್ನಡಕ ಹಾಕಿ ಸಂಜೆಯ ಬಾನಿನ ಬೆಳಕಿಗೆ ಹಿಡಿದು ನೋಡುವುದು ಇನ್ನೊಂದು. ಟಫನ್ಡ್ ಗಾಜಿನಲ್ಲಿ ಸಾಲುಸಾಲು ಮಸುಕು ಕಲೆಗಳು ಕಾಣುತ್ತವೆ, ಗಾಳಿಯ ಕೊಳವೆಗಳು ತಣಿಸಿದ ಗುರುತು ಅವು. ಕಾರಿನ ಮುಂದಿನ ಗಾಜು ಮಾತ್ರ ಬೇರೆ. ಅದು ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್. ಕಟ್ಟಡದ ಲ್ಯಾಮಿನೇಟೆಡ್ ಹಾಳೆಯನ್ನು ಎರಡೂ ಬದಿ ಒಂದೇ ನೇರಕ್ಕೆ ಗೆರೆ ಎಳೆದು, ಎರಡನ್ನೂ ಮುರಿದು, ನಡುವಿನ ಪದರವನ್ನು ಬಿಸಿಗೆ ಮೆತ್ತಗೆ ಮಾಡಿ ತೆಳು ಬ್ಲೇಡಿನಿಂದ ಬಿಡಿಸಬಹುದು. ಬಿಸಿ ಮಾಡಲು ಬಿರುಕಿಗೆ ಸ್ಪಿರಿಟ್ ಸುರಿದು ಬೆಂಕಿ ಹಚ್ಚುವ ರೂಢಿ ಇದೆ. ಮನೆಯಲ್ಲಿ ಯಾರೂ ಅದನ್ನು ಅನುಕರಿಸಬಾರದು, ಹೇರ್ ಡ್ರೈಯರಿಗಿಂತ ಬಿಸಿಯಾದ ಹಾಟ್ ಏರ್ ಗನ್ ಇದೆ.

ಗೆರೆ ಎಳೆದು ಮುರಿಯಲು ಆಗದ ಕಡೆ ಬರುವುದು ತಿರುಗುವ ಬ್ಲೇಡ್. ಸೀಸೆ, ಗಾಜಿನ ಇಟ್ಟಿಗೆ, ಗಾಜಿನ ಟೈಲ್ಸ್, ದಪ್ಪ ಗಾಜಿನ ಒಳಮೂಲೆ ಇವೆಲ್ಲ ಇದರ ಪಾಲು. ಇಲ್ಲಿ ನಿಯಮ ತಲೆಕೆಳಗಾಗುತ್ತದೆ. ಇದು ಬಿರುಕು ಬಿಡಿಸುವ ಕೆಲಸವಲ್ಲ, ಬಿರುಕೇ ಹುಟ್ಟದಂತೆ ಗಾಜನ್ನು ಸವೆಸುವ ಕೆಲಸ. ಬ್ಲೇಡಿಗೆ ಹಲ್ಲಿರುವುದಿಲ್ಲ, ಉಕ್ಕಿನ ತಟ್ಟೆಯ ಅಂಚಿನಲ್ಲಿ ಲೋಹದ ಪುಡಿಯೊಂದಿಗೆ ಬೆಸೆದ ವಜ್ರದ ಕಣಗಳು. 1955ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಪ್ರಯೋಗಾಲಯದಲ್ಲಿ ವಜ್ರ ಮಾಡಿದ್ದನ್ನು ಪ್ರಕಟಿಸಿದ ಮೇಲೆ ಕೈಗಾರಿಕೆಯ ವಜ್ರ ಬಹುಪಾಲು ಕೃತಕವೇ. ಹಾಗಾಗಿಯೇ ಈ ಬ್ಲೇಡು ಇವತ್ತು ಸಾಮಾನ್ಯ ಮಿಸ್ತ್ರಿಯ ಕೈಗೂ ಎಟುಕುತ್ತದೆ.

ಜಿಗಣಿ, ಇಳಕಲ್ಲಿನ ಗ್ರಾನೈಟ್ ಕೆಲಸದಿಂದಾಗಿ ಕರ್ನಾಟಕದ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಜ್ರದ ಬ್ಲೇಡಿಗೆ ಬರವಿಲ್ಲ. ತೊಂದರೆ ಶುರುವಾಗುವುದೂ ಅಲ್ಲೇ. ಗ್ರಾನೈಟಿಗೂ ಕಾಂಕ್ರೀಟಿಗೂ ಮಾಡಿದ ಬ್ಲೇಡಿನ ಅಂಚು ತುಂಡು ತುಂಡಾಗಿರುತ್ತದೆ, ನಡುವೆ ಗಾಳಿಯಾಡಲು ಸೀಳು. ಅದನ್ನು ಗಾಜಿಗೆ ಹಚ್ಚಿದರೆ ಪ್ರತಿ ಸೀಳೂ ಒಂದು ಸುತ್ತಿಗೆ ಏಟು. ಗಾಜಿಗೆ ಬೇಕಾದದ್ದು ಅಂಚು ಎಲ್ಲೂ ಕಡಿಯದೆ ಸುತ್ತಲೂ ಒಂದೇ ಸಮನಿರುವ, ತೆಳ್ಳಗಿನ, ಸಣ್ಣ ಕಣದ ಬ್ಲೇಡು. ಕಣ ದಪ್ಪವಿದ್ದರೆ ಬೇಗ ಕೊಯ್ಯುತ್ತದೆ, ಅಂಚಿಗೆ ಚಕ್ಕೆ ಹಾರುತ್ತದೆ. ಸಣ್ಣದಿದ್ದರೆ ನಿಧಾನ, ಆದರೆ ಅಂಚು ನಯ. ಎಲ್ಲಕ್ಕೂ ಆಗುತ್ತದೆ ಎಂದು ಮಾರುವ ಟರ್ಬೊ ಬ್ಲೇಡು ಗಾಜಿಗೆ ಆಗುವುದಿಲ್ಲ.

ವಜ್ರವನ್ನು ಹಿಡಿದಿಡುವ ಲೋಹದ ವಿಷಯ ಇನ್ನೂ ಸ್ವಾರಸ್ಯದ್ದು. ಮೊಂಡಾದ ವಜ್ರಕಣ ಉದುರಿ ಹೊಸದು ಮೇಲೆ ಬರಬೇಕಾದರೆ ಸುತ್ತಲಿನ ಲೋಹವೂ ಸವೆಯುತ್ತಿರಬೇಕು. ಮರಳುಮರಳಾದ ಕಾಂಕ್ರೀಟಿನಂಥ ವಸ್ತು ಲೋಹವನ್ನು ತಾನೇ ತಿನ್ನುತ್ತದೆ, ಅದಕ್ಕೆ ಗಟ್ಟಿ ಲೋಹದ ಹಿಡಿತ ಬೇಕು. ಗಾಜಿನ ಪುಡಿ ಬಲು ನುಣುಪು, ಲೋಹವನ್ನು ಸವೆಸುವುದಿಲ್ಲ. ಅದಕ್ಕೆ ಮೆದು ಹಿಡಿತದ ಬ್ಲೇಡೇ ಸರಿ. ಗಟ್ಟಿ ವಸ್ತುವಿಗೆ ಮೆದು ಬ್ಲೇಡು, ಮೆದು ವಸ್ತುವಿಗೆ ಗಟ್ಟಿ ಬ್ಲೇಡು ಎನ್ನುವ ಈ ಮಾತು ಮೊದಲ ಸಲ ಕೇಳಿದವರಿಗೆ ತಮಾಷೆಯಾಗಿ ಕಾಣಬಹುದು. ತಪ್ಪು ಬ್ಲೇಡು ಹಾಕಿದರೆ ಕೆಲವೇ ನಿಮಿಷದಲ್ಲಿ ಅದರ ಅಂಚು ಫಳಫಳ ಹೊಳೆಯುತ್ತದೆ, ಕೊಯ್ಯುವುದು ನಿಲ್ಲುತ್ತದೆ. ಬ್ಲೇಡು ಸವೆದುಹೋಯಿತೆಂದು ಬಿಸಾಡುವವರೇ ಹೆಚ್ಚು. ಅದು ಸವೆದಿಲ್ಲ, ಸವೆಯದೇ ಇರುವುದೇ ಅದರ ಕಾಯಿಲೆ. ಹಿಂದೆ ನುಣುಪಾದ ರುಬ್ಬುವ ಕಲ್ಲನ್ನು ಉಳಿಯಿಂದ ಹೊಡೆಸಿ ಒರಟು ಮಾಡಿಸುತ್ತಿದ್ದ ಹಾಗೆ ಈ ಅಂಚನ್ನೂ ಒರಟು ಮಾಡಬೇಕು. ಅದಕ್ಕೆಂದೇ ಬಿಳಿ ಅಲ್ಯೂಮಿನಿಯಂ ಆಕ್ಸೈಡಿನ ಡ್ರೆಸಿಂಗ್ ಕಲ್ಲು ಸಿಗುತ್ತದೆ. ನೀರು ಹಾಕುತ್ತ ಅದರಲ್ಲಿ ಕೆಲವು ಸಲ ಕೊಯ್ದರೆ ಲೋಹ ಸವೆದು ವಜ್ರ ಮತ್ತೆ ತಲೆ ಎತ್ತುತ್ತದೆ.

ಅಂಚಿಗೆ ನಿಕ್ಕಲ್ ಲೇಪನದಲ್ಲಿ ಒಂದೇ ಪದರ ವಜ್ರ ಕೂರಿಸಿದ ಅಗ್ಗದ ಬ್ಲೇಡುಗಳೂ ಇವೆ. ಮೊದಲ ದಿನ ಚೆನ್ನಾಗಿ ಓಡುತ್ತವೆ. ಪದರ ಹೋದರೆ ಮುಗಿಯಿತು, ಡ್ರೆಸಿಂಗ್ ಮಾಡಿದರೆ ಇದ್ದದ್ದೂ ಹೋಗುತ್ತದೆ. ಒಂದೆರಡು ಸೀಸೆ ಕೊಯ್ಯುವವರಿಗೆ ಅಷ್ಟೇ ಸಾಕು.

ವೇಗದ ವಿಷಯದಲ್ಲಿ ನಮ್ಮ ಮಿಸ್ತ್ರಿಗಳ ಮಾರ್ಬಲ್ ಕಟರ್ ಗಾಜಿಗೆ ಅತಿಯಾಯಿತು. ನಿಮಿಷಕ್ಕೆ 12,000 ಸುತ್ತು ತಿರುಗುವ ಯಂತ್ರದಲ್ಲಿ 110 ಮಿ.ಮೀ. ಬ್ಲೇಡಿನ ಅಂಚು ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ನೀರಿನ ತೊಟ್ಟಿಯಿರುವ ಮೇಜಿನ ಗರಗಸದಲ್ಲಿ 2,800 ಸುತ್ತಿನ 180 ಮಿ.ಮೀ. ಬ್ಲೇಡಿನ ಅಂಚು 95 ಕಿಲೋಮೀಟರಿನಲ್ಲಿ ನಿಲ್ಲುತ್ತದೆ, ಗಾಜಿಗೆ ಇದೇ ಹಿತ. ವೇಗ ಹೆಚ್ಚಿದಷ್ಟೂ ಬಿಸಿ. ಸಾದಾ ಗಾಜು ಒಂದು ಜಾಗಕ್ಕೂ ಪಕ್ಕದ ಜಾಗಕ್ಕೂ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ವ್ಯತ್ಯಾಸ ಬಂದರೇ ಬಿರಿಯಬಹುದು. ಆದ್ದರಿಂದ ನೀರು ಬೇಕೇ ಬೇಕು, ಅದೂ ಬ್ಲೇಡು ಗಾಜನ್ನು ಮುಟ್ಟುವ ಜಾಗಕ್ಕೇ, ಮೊದಲಿನಿಂದಲೇ. ನೀರಿಲ್ಲದೆ ಕೊಯ್ದು, ಹೊಗೆಯಾಡಿದ ಮೇಲೆ ನೀರು ಚಿಮುಕಿಸುವುದು ಗಾಜನ್ನು ಒಡೆಯುವ ಖಚಿತ ದಾರಿ. ನೀರು ಧೂಳನ್ನೂ ಹಿಡಿಯುತ್ತದೆ. ಗ್ರಾನೈಟಿನ ಧೂಳಿನಂತೆ ಗಾಜಿನ ಧೂಳಿನಲ್ಲಿ ಸಿಲಿಕೋಸಿಸ್ ತರುವ ಸ್ಫಟಿಕ ರೂಪದ ಸಿಲಿಕಾ ಇರುವುದಿಲ್ಲ, ಆದರೂ ಗಂಟಲು, ಕಣ್ಣು, ಚರ್ಮಕ್ಕೆ ಅದು ಹಿತವಲ್ಲ.

ನೀರೂ ವಿದ್ಯುತ್ತೂ ಒಂದೇ ಮೇಜಿನ ಮೇಲೆ ಇರುವುದರಿಂದ, ವಿದ್ಯುತ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರುವ ಪ್ಲಗ್ಗಿಗೇ ಯಂತ್ರ ಸೇರಿಸಬೇಕು. ಕೈಯಲ್ಲಿ ಹಿಡಿಯುವ ಕಟರಿಗೆ ಬಾಟಲಿಯಿಂದ ನೀರು ಸುರಿಯುತ್ತ ಇನ್ನೊಬ್ಬ ನಿಲ್ಲುವ ರೂಢಿ ಬಿಡಬೇಕು. ಕನ್ನಡಕ ಕಡ್ಡಾಯ. ಗಾಜು ಎತ್ತುವಾಗ ಕೈಗವಸು ಸರಿ, ಬ್ಲೇಡು ತಿರುಗುವಾಗ ಸಡಿಲ ಕೈಗವಸು ಬೇಡ, ಅದು ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಬ್ಲೇಡು ಕೂರಿಸುವಾಗ ಮೂರು ಸಂಗತಿ ನೋಡಬೇಕು. ಅದರ ಮೇಲೆ ಬರೆದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಕಡಿಮೆ ಇರಕೂಡದು. ನಡುವಿನ ತೂತು ಅಚ್ಚಿಗೆ ಸರಿಯಾಗಿ ಕೂರಬೇಕು, 20 ಮಿ.ಮೀ. ತೂತನ್ನು 16ರ ಅಚ್ಚಿಗೆ ಟೇಪು ಸುತ್ತಿ ಹೊಂದಿಸಿದರೆ ಬ್ಲೇಡು ಓಲಾಡಿ ಗಾಜನ್ನು ಕುಟ್ಟುತ್ತದೆ. ಬಾಣದ ಗುರುತು ತಿರುಗುವ ದಿಕ್ಕಿಗಿರಬೇಕು. ಒಂದೇ ದಿಕ್ಕಿಗೆ ತಿರುಗಿದಾಗ ಪ್ರತಿ ವಜ್ರಕಣದ ಬೆನ್ನಿಗೆ ಲೋಹದ ಸಣ್ಣ ಬಾಲ ಉಳಿದು ಕಣಕ್ಕೆ ಆಸರೆಯಾಗುತ್ತದೆ. ತಿರುವುಮುರುವಾಗಿ ಹಾಕಿದರೆ ಆ ಆಸರೆ ತಪ್ಪಿ ವಜ್ರಗಳು ಉದುರುತ್ತವೆ. ಕೊಯ್ಯುವಾಗ ಗಾಜನ್ನು ನೂಕಬಾರದು, ಬ್ಲೇಡು ಒಪ್ಪಿದಷ್ಟೇ ಕೊಡಬೇಕು. ಕೊನೆಯ ಅರ್ಧ ಇಂಚಿನಲ್ಲಿ ಕೈ ಇನ್ನೂ ಹಗುರವಾಗಬೇಕು, ಮೂಲೆ ಸಿಡಿಯುವುದು ಅಲ್ಲೇ.

ಕೈ ಕಟರಿನ ಆರೈಕೆ ಸುಲಭ, ಆದರೆ ಅದೇ ಹೆಚ್ಚು ಅಲಕ್ಷ್ಯಕ್ಕೆ ಸಿಕ್ಕುವುದು. ಅದನ್ನು ಸ್ಕ್ರೂಡ್ರೈವರ್, ಮೊಳೆಗಳ ಜೊತೆ ಡಬ್ಬಿಗೆ ಎಸೆದರೆ ಒಂದೇ ವಾರದಲ್ಲಿ ಚಕ್ರಕ್ಕೆ ಕಚ್ಚು. ಸ್ಪಂಜಿನ ಚೂರು ಹಾಕಿ, ಸೀಮೆ ಎಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ತುಸು ಹನಿಸಿದ ಲೋಟದಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸುವುದು ಹಳೆಯ, ಒಳ್ಳೆಯ ಪದ್ಧತಿ. ಎಣ್ಣೆ ಅಚ್ಚನ್ನು ಸಲೀಸಾಗಿ ತಿರುಗಿಸುತ್ತದೆ, ಗಾಜಿನ ಪುಡಿಯನ್ನು ತೊಳೆಯುತ್ತದೆ. ಚಕ್ರ ತಿರುಗದೆ ಜಾರಿದರೆ ಒಂದೇ ಜಾಗದಲ್ಲಿ ಸವೆದು ಚಪ್ಪಟೆಯಾಗುತ್ತದೆ, ಆಮೇಲೆ ಅದಕ್ಕೆ ಬದಲಿಯೇ ಗತಿ. ಕಚ್ಚು ಬಿದ್ದಿದೆಯೇ ಎಂದು ತಿಳಿಯಲು ಭೂತಗನ್ನಡಿ ಬೇಡ. ರದ್ದಿ ಗಾಜಿನ ಮೇಲೆ ಒಂದಡಿ ಗೆರೆ ಎಳೆದು ನೋಡಬೇಕು. ಐದು ಮಿಲಿಮೀಟರ್ ವ್ಯಾಸದ ಚಕ್ರದ ಸುತ್ತಳತೆ ಹದಿನಾರು ಮಿಲಿಮೀಟರಿಗೆ ಹತ್ತಿರ. ಗೆರೆ ಸರಿಯಾಗಿ ಅಷ್ಟಷ್ಟು ದೂರಕ್ಕೊಮ್ಮೆ ತಪ್ಪುತ್ತಿದ್ದರೆ ದೋಷ ಚಕ್ರದ್ದು. ಎಲ್ಲೆಂದರಲ್ಲಿ ತಪ್ಪುತ್ತಿದ್ದರೆ ಕೈಯದ್ದು ಅಥವಾ ಗಾಜಿನ ಮೇಲಿನ ಕೊಳೆಯದ್ದು.

ಕೆಲಸ ಮುಗಿದ ಮೇಲಿನ ನೀರನ್ನು ಮೋರಿಗೆ ಚೆಲ್ಲಬಾರದು. ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟರೆ ಗಾಜಿನ ಕೆಸರು ತಳಕ್ಕೆ ಕೂರುತ್ತದೆ. ತಿಳಿನೀರು ಬಸಿದು, ಕೆಸರನ್ನು ಒಣಗಿಸಿ ಕಟ್ಟಿ ಕಸಕ್ಕೆ ಹಾಕಬಹುದು. ಪೈಪಿನೊಳಗೆ ಕೂತರೆ ಅದನ್ನು ತೆಗೆಯುವುದು ಕಷ್ಟ. ಕತ್ತರಿಸಿ ಉಳಿದ ಚೂರು, ಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ. ನಾಲ್ಕಾರು ಪದರ ಸುದ್ದಿಪತ್ರಿಕೆಯಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು, ಮೇಲೆ ದೊಡ್ಡಕ್ಷರದಲ್ಲಿ ಗಾಜು ಎಂದು ಬರೆದು, ಬೆಳಗ್ಗೆ ಬರುವ ಪೌರಕಾರ್ಮಿಕರ ಕೈಗೆ ಹೇಳಿಯೇ ಕೊಡಿ.